ಮಲೆನಾಡಿನಿಂದ ಗುಲ್ಮಾರ್ಗ್‌ಗೆ ಸ್ಕೀ ಕಲಿಯಲು ಹೊರಟವರಿಗೆ

ಆಗುಂಬೆಯ ಮಳೆ-ಚಳಿ ಕಂಡವರಿಗೆ ಗುಲ್ಮಾರ್ಗ್ ಏನು ಮಹಾ ಅನಿಸಬಹುದು. ಆದರೆ ಕೊಡಚಾದ್ರಿಯ ತುದಿಯೇ 1,343 ಮೀಟರ್. ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗೊಂಡೋಲಾದ (ತಂತಿಯ ಮೇಲೆ ಸಾಗುವ ಕೇಬಲ್ ಕಾರ್) ಎರಡನೇ ಹಂತ 3,900 ದಾಟುತ್ತದೆ. ಮೊದಲ ದಿನವೇ ಅಲ್ಲಿಗೆ ಏರಿದರೆ ತಲೆನೋವು ಹಿಡಿಯಬಹುದು. ಕಲಿಯುವವರಿಗೆ ಕೆಳಗಿನ ಇಳಿಜಾರೇ ಸಾಕು.

ಶ್ರೀನಗರದಿಂದ ಸುಮಾರು 50 ಕಿ.ಮೀ. ಹಿಮ ಬಿದ್ದಾಗ ದಾರಿಯಲ್ಲಿ ಕೆಳಗೆ ಸಿಗುವ ಟಂಗ್‌ಮಾರ್ಗ್ ಊರಿನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಬೇಕು. ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಗೊಂಡೋಲಾ ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆಯಿರಿ. ಗಾಳಿ ಜೋರಾದರೆ ಅದು ನಿಲ್ಲುತ್ತದೆ. ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಕೆಲಸ ಕೆಡುವುದು ಬೂಟಿನಲ್ಲಿ. ನೇರ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು. ಚಳಿಯೆಂದು ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಸರಿಯಾಗಿ ಓಡದೆ ಪಾದ ಇನ್ನೂ ತಣ್ಣಗಾಗುತ್ತದೆ, ಮಡಿಕೆ ಬಿದ್ದಲ್ಲಿ ಬೊಬ್ಬೆ ಏಳುತ್ತದೆ. ತೆಳು ಉಣ್ಣೆಯದು ಒಂದೇ ಜೊತೆ ಸಾಕು. ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯ, ಬಿಗಿ ಹೊಂದಿಸಲು ತೂಕ ಕೇಳುತ್ತಾರೆ. ನಾಚಿಕೊಂಡು ಕಡಿಮೆ ಹೇಳಿದರೆ ಬೇಡದ ಕಡೆ ಸ್ಕೀ ಕಳಚೀತು. ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ನಮ್ಮ ಮಳೆಗಾಲ ಕಂಡವರಿಗೆ ಇದನ್ನು ಹೇಳಬೇಕಿಲ್ಲ.

ವೇಗ ತಗ್ಗಿಸಲು ಸ್ಕೀಗಳ ಮೂತಿ ಹತ್ತಿರ, ಹಿಂಬದಿ ಅಗಲ, ಮೈ ತುಸು ಮುಂದಕ್ಕೆ. ಹೆದರಿ ಹಿಂದೆ ವಾಲಿದಿರೋ, ಹಿಡಿತ ತಪ್ಪಿ ಓಟ ಹೆಚ್ಚುತ್ತದೆ.