ಕೋಮಲ್ ನದಿಗೆ ಎಷ್ಟು ಕ್ಯುಸೆಕ್ ಉಳಿಸಬೇಕು?

ಟೆಕ್ಸಸ್‌ನ ಕೋಮಲ್ ನದಿಯನ್ನು ಕಾಯಲು ಗೇಟು ತೆರೆದು ನೀರು ಬಿಟ್ಟರಾಗದು. ಅದು ಎಡ್ವರ್ಡ್ಸ್ ಎಂಬ ಅಂತರ್ಜಲದ ಬುಗ್ಗೆಗಳಿಂದ ಹುಟ್ಟುವ ನದಿ, ಆ ನೀರೆತ್ತುವ ಪಂಪುಗಳನ್ನು ಸಕಾಲಕ್ಕೆ ತಡೆಯಬೇಕು. 1956ರ ಬರದಲ್ಲಿ ಇದರ ಬುಗ್ಗೆಗಳು 144 ದಿನ ಬತ್ತಿದ್ದವು. ಇಲ್ಲಿ ಅಳಿದುಹೋದ ಫೌಂಟನ್ ಡಾರ್ಟರ್ ಎಂಬ ಪುಟ್ಟ ಮೀನನ್ನು 1975ರಲ್ಲಿ ಸ್ಯಾನ್ ಮಾರ್ಕೋಸ್ ನದಿಯಿಂದ ತಂದು ಬಿಡಬೇಕಾಯಿತು.

ಇಂಥ ಜೀವಿಗಳ ನೆಲೆ ಕಾಯುವ ಈಗಿನ ಯೋಜನೆಯಲ್ಲಿ ಕನಿಷ್ಠ ಹರಿವು 30 ಕ್ಯುಸೆಕ್. ಆದರೆ ಈ ಅಂಕಿಯೊಂದನ್ನೇ ಹಿಡಿದು ಕೂತರೆ ಕೆಟ್ಟಿತು. ಆ ಸ್ಥಿತಿ ಆರು ತಿಂಗಳು ಮೀರಬಾರದು, ನಂತರ ಮೂರು ತಿಂಗಳು 80 ಕ್ಯುಸೆಕ್ ಹರಿಯಬೇಕು. ಬುಗ್ಗೆಯ ನೀರು ವರ್ಷವಿಡೀ ಸುಮಾರು 23 ಡಿಗ್ರಿ ಸೆಲ್ಸಿಯಸ್. ಹರಿವು ಸೊರಗಿದರೆ ಅದು ಬಿಸಿಲಿಗೆ ಕಾಯುತ್ತದೆ, ಡಾರ್ಟರ್ ಮೊಟ್ಟೆಯಿಡುವುದು ಕುಗ್ಗುತ್ತದೆ. ಚೇತರಿಕೆಯ ಆ ಮೂರು ತಿಂಗಳೇ ನನ್ನ ಪ್ರಕಾರ ಇಡೀ ನಿಯಮದ ಜೀವಾಳ.

ಪಂಪುಗಳನ್ನು ಯಾವಾಗ ತಡೆಯಬೇಕೆಂದು ಹೇಳುವುದು ಅಂತರ್ಜಲ ಮಟ್ಟ ಅಳೆಯುವ ಬಾವಿ. ಸ್ಯಾನ್ ಆಂಟೋನಿಯೋದ ಈ ಜೆ-17 ಬಾವಿಯ ಹತ್ತು ದಿನಗಳ ಸರಾಸರಿ ಮಟ್ಟ ಸಮುದ್ರಮಟ್ಟದಿಂದ 660 ಅಡಿಗಿಂತ ಇಳಿದರೆ ಪರವಾನಗಿ ನೀರಿನಲ್ಲಿ ಶೇ 20 ಕಡಿತ. 650ಕ್ಕೆ ಶೇ 30, 640ಕ್ಕೆ ಶೇ 35, 630ಕ್ಕೆ ಶೇ 40. ಬಾವಿಯೊಂದನ್ನೇ ನಂಬುವುದಿಲ್ಲ: ಕೋಮಲ್ ಹರಿವು 225 ಕ್ಯುಸೆಕ್‌ಗಿಂತ ತಗ್ಗಿದರೂ ಮೊದಲ ಹಂತದ ಕಡಿತ ಜಾರಿಗೆ ಬರುತ್ತದೆ. ಅಕ್ಟೋಬರ್ 1ರಂದು ಬಾವಿಯ ಮಟ್ಟ 635 ಅಡಿ ಅಥವಾ ಅದಕ್ಕಿಂತ ಕೆಳಗಿದ್ದರೆ, ನೀರು ಬಿಟ್ಟುಕೊಡುವ ಒಪ್ಪಂದಕ್ಕೆ ಸೇರಿದ ರೈತರು ಅದರಲ್ಲಿ ಒಪ್ಪಿದಷ್ಟು ನೀರನ್ನು ಮರುವರ್ಷ ಎತ್ತುವುದಿಲ್ಲ. ಬದಲಿಗೆ ಹಣ ಪಡೆಯುತ್ತಾರೆ.