ಎರಡು ಅಡಿಕೆ ಮರ, ಇಪ್ಪತ್ತು ಮೀಟರ್ ವೈರು

ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವುದು, ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ಸೆಟ್ಟಿಗೆ ಎಷ್ಟಾಗುತ್ತದೆ? ನಮ್ಮ ಫಿಸಿಕ್ಸ್ ಮೇಷ್ಟ್ರು ಇದಕ್ಕೆ ಉತ್ತರ ಕೊಡುತ್ತಲೇ ಇರಲಿಲ್ಲ. "ಮೊದಲು ಆಂಟೆನಾ ಕಟ್ಟೋಣ ಬನ್ನಿ, ಸೆಟ್ಟು ಆಮೇಲೆ" ಎನ್ನುತ್ತಿದ್ದರು. 2005ರ ಸುಮಾರಿನ ಮಾತಿದು. ಕಾಲೇಜಿನಲ್ಲಿ ಇದ್ದದ್ದು ಮೇಷ್ಟ್ರದೇ ಹಳೆಯ ಸೆಟ್ಟು ಒಂದು. ಅಂಥದ್ದನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದರೆ ಆ ಸೆಟ್ಟಿಗೆ ಜೋಡಿಸಿದ ಆಂಟೆನಾಗಳನ್ನೆಲ್ಲ ಮಾಡಿದ್ದು ನಾವು ಹುಡುಗರು, ಹುಡುಗಿಯರು. ಮನೆ ವೈರಿಂಗ್ ಮಾಡಿಸಿದಾಗ ಉಳಿದ ತಾಮ್ರದ ವೈರು, ಪಿವಿಸಿ ಪೈಪಿನ ತುಂಡು, ಪ್ಲಾಸ್ಟಿಕ್ ಹಗ್ಗ. ಸಾಮಾನು ಅಂದರೆ ಇಷ್ಟೇ.

ಮೊದಲು ಕಲಿತದ್ದು ಡೈಪೋಲ್, ಎರಡು ತೋಳಿನ ವೈರ್ ಆಂಟೆನಾ. ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ (ಫ್ರೀಕ್ವೆನ್ಸಿ) ಭಾಗಿಸಿದರೆ ವೈರಿನ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ನಡುವೆ ಕತ್ತರಿಸಿದರೆ ಎರಡು ತೋಳು, ಒಂದೊಂದು 10 ಮೀಟರ್. ಕತ್ತರಿಸಿದ ಜಾಗದಲ್ಲಿ, ಸೆಟ್ಟಿನಿಂದ ಬಂದ ಕೇಬಲ್ಲಿನ ಒಳತಂತಿಗೆ ಒಂದು ತೋಳು, ಹೊರಗಿನ ಹೆಣಿಗೆಗೆ ಇನ್ನೊಂದು ತೋಳು. ಆದರೆ ಲೆಕ್ಕ ಹೇಳಿದಷ್ಟೇ ಉದ್ದಕ್ಕೆ ಕತ್ತರಿಸಲು ಮೇಷ್ಟ್ರು ಬಿಡುತ್ತಿರಲಿಲ್ಲ. ಎರಡೂ ಕಡೆ ಒಂದೊಂದು ಮೊಳ ಜಾಸ್ತಿ ಇಟ್ಟು, ಮೇಲೆ ಕಟ್ಟಿ, ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಎಂದು ತೋರಿಸುವುದು; ಓದು ಕಡಿಮೆಯಾದಷ್ಟೂ ಒಳ್ಳೆಯದು) ನೋಡಿ, ಇಳಿಸಿ, ತುದಿಯಲ್ಲಿ ಸ್ವಲ್ಪ ಕತ್ತರಿಸಿ, ಮತ್ತೆ ಏರಿಸಬೇಕು. ಬೇಜಾರಿನ ಕೆಲಸ ನಿಜ. ಆದರೆ ನೆಲದಿಂದ ಎಷ್ಟು ಎತ್ತರ, ಪಕ್ಕದಲ್ಲಿ ತಗಡಿನ ಮಾಡು ಇದೆಯಾ, ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದೆಯಾ, ಎಲ್ಲವೂ ಉದ್ದವನ್ನು ಬದಲಿಸುತ್ತವೆ. ಇದನ್ನು ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗುವುದಿಲ್ಲ. ಮೀಟರಿನ ಮುಳ್ಳು ನಿಧಾನವಾಗಿ ಕೆಳಗಿಳಿಯುವುದನ್ನು ಕಣ್ಣಾರೆ ಕಂಡರೆ ಮರೆಯುವುದಿಲ್ಲ.

ಕೇಬಲ್ಲಿನ ವಿಷಯದಲ್ಲೂ ಹಾಗೆಯೇ. ರೇಡಿಯೋ ಸೆಟ್ಟುಗಳಿಗೆ 50 ಓಮ್ ಕೇಬಲ್ ಬೇಕು ಎಂದು ಬರೆದಿರುತ್ತದೆ. ಅದಕ್ಕೆ ದುಡ್ಡು ಜಾಸ್ತಿ. ನಮಗೆ ಸಿಗುತ್ತಿದ್ದದ್ದು ಕೇಬಲ್ ಟಿವಿಯವರು ಬಳಸುವ 75 ಓಮ್ ಕೇಬಲ್. ಬೇರೇನೂ ಹತ್ತಿರವಿಲ್ಲದೆ ತೂಗುವ ಡೈಪೋಲ್‌ನ ನಡುಮಧ್ಯದ ತಡೆ ಸುಮಾರು 73 ಓಮ್. ಅಂದರೆ ಆಂಟೆನಾಗೆ ಈ ಅಗ್ಗದ ಕೇಬಲ್ಲೇ ಹೆಚ್ಚು ಹೊಂದುತ್ತದೆ! ಸೆಟ್ಟಿನ ಕಡೆ ಬರುವ ಸಣ್ಣ ವ್ಯತ್ಯಾಸವನ್ನು ಸೆಟ್ಟು ತಡೆದುಕೊಳ್ಳುತ್ತದೆ. ಒಂದು ತೊಂದರೆ ಮಾತ್ರ ಇದೆ. ಈ ಕೇಬಲ್ಲಿನ ಹೆಣಿಗೆ ಹಲವು ಸಲ ಅಲ್ಯುಮಿನಿಯಂನದು, ಬೆಸುಗೆ ಹಿಡಿಯುವುದಿಲ್ಲ. ಸ್ಕ್ರೂ ಹಾಕಿ ಬಿಗಿಯಬೇಕು.

ಕಂಬಕ್ಕೆ ನಾವು ಒಂದು ಪೈಸೆ ಕೊಟ್ಟವರಲ್ಲ. ಕಾಲೇಜಿನ ಹಿಂದೆಯೇ ಅಡಿಕೆ ತೋಟ. ತೋಟದ ಯಜಮಾನರು ಒಪ್ಪಿದರು. ಮರ ಹತ್ತಿ ಅಡಿಕೆ ಕೊನೆ (ಗೊಂಚಲು) ಇಳಿಸಲು ಬಂದ ಕೊನೆಗೌಡರು ನಮಗಾಗಿ ಎರಡು ಮರಗಳಿಗೆ ರಾಟೆ ಕಟ್ಟಿಕೊಟ್ಟರು. ಅಡಿಕೆ ಮರ ಗಾಳಿಗೆ ಎಷ್ಟು ತೂಗುತ್ತದೆ ಎಂದು ಅವರಿಗೆ ಗೊತ್ತಿತ್ತು. "ಬಿಗಿದು ಕಟ್ಟಬೇಡಿ, ಹರಿದು ಹೋಗುತ್ತೆ" ಎಂದವರು ಅವರೇ. ಹಾಗಾಗಿ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ತುದಿಗೆ ಒಂದು ಇಟ್ಟಿಗೆ ಕಟ್ಟಿ ಇಳಿಬಿಟ್ಟೆವು. ಮರ ತೂಗಿದಾಗ ಇಟ್ಟಿಗೆ ಏರಿ ಇಳಿಯುತ್ತದೆ, ವೈರಿಗೆ ಏನೂ ಆಗುವುದಿಲ್ಲ. ಹ್ಯಾಮ್‌ಗಳು ಎಲ್ಲ ದೇಶಗಳಲ್ಲೂ ಮಾಡುವ ಉಪಾಯವಂತೆ ಇದು. ನಮಗೆ ಅದನ್ನು ಹೇಳಿಕೊಟ್ಟವರು ಕೊನೆಗೌಡರು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಎತ್ತ ನೋಡಿದರೂ ಗುಡ್ಡ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ (ಹೆಚ್ಚಿನ ಆವರ್ತನದ) ಸೆಟ್ಟಿನಲ್ಲಿ ಪಕ್ಕದ ಊರಿಗೂ ಮಾತು ದಾಟುವುದು ಕಷ್ಟ, ಏಕೆಂದರೆ ಆ ಅಲೆ ನೇರವಾಗಿ ಹೋಗುತ್ತದೆ. ಇಲ್ಲೇ ಆ 20 ಮೀಟರ್ ವೈರಿನ ಗಮ್ಮತ್ತು. ನಮ್ಮ ಡೈಪೋಲ್ ನೆಲದಿಂದ ಏಳೆಂಟು ಮೀಟರ್ ಎತ್ತರದಲ್ಲಿತ್ತು. 7 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 40 ಮೀಟರ್, ಹಾಗಾಗಿ ಅದನ್ನು 40 ಮೀಟರ್ ಬ್ಯಾಂಡ್ ಎನ್ನುತ್ತಾರೆ. ಆ ಬ್ಯಾಂಡಿಗೆ ಇದು ತೀರಾ ತಗ್ಗು. ದೂರದ ದೇಶಗಳಿಗೆ ಮಾತಾಡಬೇಕು ಎನ್ನುವವರು ಇದನ್ನು ಕೊರತೆ ಎನ್ನುತ್ತಾರೆ. ಆದರೆ ತಗ್ಗಿನಲ್ಲಿ ಕಟ್ಟಿದ ಡೈಪೋಲ್ ತನ್ನ ಶಕ್ತಿಯಲ್ಲಿ ಬಹುಪಾಲನ್ನು ನೆತ್ತಿಯ ಕಡೆ ಕಳಿಸುತ್ತದೆ. ಅಲೆ ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಳಕ್ಕೆ (ವಿದ್ಯುದಾವೇಶದ ಕಣಗಳ ಪದರ) ತಾಗಿ, ಕಾರಂಜಿಯ ನೀರಿನ ಹಾಗೆ ಸುತ್ತಲೂ ಬೀಳುತ್ತದೆ. ಗುಡ್ಡ ಅಡ್ಡ ಬರುವ ಪ್ರಶ್ನೆಯೇ ಇಲ್ಲ. ಬೆಳಿಗ್ಗೆ ಮಂಗಳೂರು, ಹುಬ್ಬಳ್ಳಿ, ಮೈಸೂರು, ಬೆಂಗಳೂರು ಎಲ್ಲವೂ ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟ. ಕತ್ತಲಾಗುತ್ತಾ ಅಯಾನುಗೋಳ ಸಡಿಲವಾದ ಹಾಗೆ ಹತ್ತಿರದವರು ಮರೆಯಾಗಿ, ದೂರದವರು ಕೇಳಲು ಶುರುವಾಗುತ್ತಿದ್ದರು. ಮಲೆನಾಡಿನವರಿಗೆ ಇದಕ್ಕಿಂತ ಒಳ್ಳೆಯ ಆಂಟೆನಾ ಇಲ್ಲ ಎಂದು ನಾನು ಈಗಲೂ ನಂಬಿದ್ದೇನೆ.

ಒಂದು ಸಂಜೆ ಮೇಷ್ಟ್ರು ಹಳೆಯ ಟ್ಯೂಬ್‌ಲೈಟ್ ತಂದು, ಅದನ್ನು ಒಣ ಬಿದಿರಿನ ತುದಿಗೆ ಕಟ್ಟಿ, ವೈರಿನ ತುದಿಯ ಹತ್ತಿರ ಹಿಡಿಸಿದರು. ಒಳಗೆ ಯಾರೋ ಮೋರ್ಸ್ ಕೀ ಒತ್ತಿದರು. ಯಾವ ಸಂಪರ್ಕವೂ ಇಲ್ಲದ ಟ್ಯೂಬು ಮಿನುಗಿತು! ನಡುಮಧ್ಯಕ್ಕೆ ತಂದರೆ ಆರಿತು. ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ನಡುವೆ ಕರೆಂಟ್ ಜಾಸ್ತಿ. ಸ್ಟ್ಯಾಂಡಿಂಗ್ ವೇವ್ ಪಾಠವನ್ನು ಆ ಮೇಲೆ ಯಾರೂ ಬಾಯಿಪಾಠ ಮಾಡಲಿಲ್ಲ. ಆಂಟೆನಾದ ತುದಿ ಯಾರ ಕೈಗೂ ಸಿಗಬಾರದು ಎನ್ನುವುದೂ ಅಲ್ಲೇ ಮನದಟ್ಟಾಯಿತು.

ಆಗ ಊರ ತುಂಬ ಕೇಬಲ್ ಟಿವಿ ಬಂದಿತ್ತು. ಮನೆಗಳ ಮೇಲಿದ್ದ ದೂರದರ್ಶನದ ಆಂಟೆನಾಗಳು ಗುಜರಿಗೆ ಬೀಳುತ್ತಿದ್ದವು. ಅವೆಲ್ಲ ಯಾಗಿ ಆಂಟೆನಾಗಳೇ. ಜಪಾನಿನ ಯಾಗಿ ಮತ್ತು ಉದಾ 1920ರ ದಶಕದಲ್ಲಿ ರೂಪಿಸಿದ್ದು. ಕೆಲಸದಲ್ಲಿ ಹೆಚ್ಚಿನ ಪಾಲು ಉದಾ ಅವರದು, ಹೆಸರು ಮಾತ್ರ ಯಾಗಿಯದು ಉಳಿಯಿತು. ಇದನ್ನು ಹೇಳುವಾಗ ಮೇಷ್ಟ್ರಿಗೆ ಪ್ರತಿ ಸಲವೂ ಬೇಸರ. ಗುಜರಿಯಿಂದ ಉದ್ದದ ಅಲ್ಯುಮಿನಿಯಂ ಕೊಳವೆ ತೂಕಕ್ಕೆ ತಂದು, 2 ಮೀಟರ್ ಬ್ಯಾಂಡಿಗೆ (145 ಮೆಗಾಹರ್ಟ್ಸ್ ಆಸುಪಾಸು) ಮೂರು ಕಡ್ಡಿಯ ಯಾಗಿ ಮಾಡಿದೆವು. ಹಿಂದಿನ ಕಡ್ಡಿ ಒಂದು ಮೀಟರಿಗಿಂತ ತುಸು ಉದ್ದ, ಮುಂದಿನದು 90 ಸೆಂಟಿಮೀಟರಿನ ಆಸುಪಾಸು, ನಡುವಿನದಕ್ಕೆ ಕೇಬಲ್. ಬೆನ್ನೆಲುಬಿಗೆ ಕರೆಂಟಿನವರ ಪಿವಿಸಿ ಪೈಪು.

2005ರ ಮೇ 5ರಂದು ಇಸ್ರೋ ಹ್ಯಾಮ್‌ಸ್ಯಾಟ್ ಹಾರಿಸಿತ್ತು. ಹ್ಯಾಮ್‌ಗಳಿಗಾಗಿಯೇ ಮಾಡಿದ 42.5 ಕಿಲೋ ತೂಕದ ಪುಟ್ಟ ಉಪಗ್ರಹ. ಅದರಲ್ಲಿದ್ದ, ಕೆಳಗಿನಿಂದ ಬಂದ ಮಾತನ್ನು ಹಿಡಿದು ಮತ್ತೆ ಕೆಳಗೆ ಕಳಿಸುವ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ಮಾಡಿದವನು ನೆದರ್ಲೆಂಡ್ಸಿನ ಒಬ್ಬ ವಿದ್ಯಾರ್ಥಿ. ನಮ್ಮ ವಯಸ್ಸಿನವರಿಗೆ ಇದು ಎಂಥ ಸುದ್ದಿ, ಅಲ್ವಾ! ಅದು 145.9 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೇಳಿಸುತ್ತಿತ್ತು. ತಾರಸಿಯ ಮೇಲೆ ಒಬ್ಬರು ಯಾಗಿ ಹಿಡಿದು ಆಕಾಶದಲ್ಲಿ ಅದರ ದಾರಿಯನ್ನು ಹಿಂಬಾಲಿಸುವುದು, ಇನ್ನೊಬ್ಬರು ಡಯಲ್ ತಿರುಗಿಸುವುದು. ಉಪಗ್ರಹ ಹತ್ತಿರ ಬಂದು ದೂರ ಸರಿಯುವಾಗ ಡಾಪ್ಲರ್ ಪರಿಣಾಮದಿಂದ (ಚಲನೆಯಿಂದ ಆವರ್ತನ ಬದಲಾಗುವುದು) ಸ್ವರ ಜಾರುತ್ತಲೇ ಇರುತ್ತದೆ. ದನಿ ಕುಗ್ಗಿದರೆ ಯಾಗಿಯನ್ನು ಮಣಿಕಟ್ಟಿನಲ್ಲಿ ತುಸು ತಿರುಚಬೇಕು. ತಕ್ಷಣ ಎದ್ದು ಬರುತ್ತದೆ. ಗುಜರಿಯ ಕೊಳವೆಯಲ್ಲಿ, ನಮ್ಮದೇ ಉಪಗ್ರಹದ ಮೂಲಕ ಬಂದ ಮಾತನ್ನು ಕೇಳಿದ ಹೆಮ್ಮೆ ನನಗೆ ಇಂದಿಗೂ ಇದೆ. ಹ್ಯಾಮ್‌ಸ್ಯಾಟ್ 2014ರ ತನಕ ಕೆಲಸ ಮಾಡಿತು.

ಮಳೆಗಾಲ ಬಂದರೆ ಬೇರೆಯೇ ಕೆಲಸ. ನಮ್ಮ ಕಡೆಯ ಮಳೆ ಕೇಬಲ್ಲಿನೊಳಗೂ ಇಳಿಯುತ್ತದೆ. ಜೋಡಣೆಗೆ ಎಂ-ಸೀಲ್ ಮೆತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುತ್ತಿದ್ದೆವು. ಕಿಟಕಿಯ ಹತ್ತಿರ ಕೇಬಲ್ಲನ್ನು ಒಂದು ಸುತ್ತು ಕೆಳಗೆ ಜೋತುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಗುಡುಗು ಶುರುವಾಗುವ ಮೊದಲೇ ಕೇಬಲ್ ಕಿತ್ತು ಹೊರಗೆ ಹಾಕಬೇಕು. ಕರೆಂಟ್ ಲೈನಿನ ಹತ್ತಿರ ಆಂಟೆನಾ ಕಟ್ಟಲೇಬಾರದು. ಕೊನೆ ಕೊಯ್ಯುವ ಉದ್ದದ ಅಲ್ಯುಮಿನಿಯಂ ದೋಟಿ ಲೈನಿಗೆ ತಾಗಿ ಜೀವ ಹೋದ ಸುದ್ದಿ ಅಡಿಕೆ ಸೀಮೆಯವರಿಗೆ ಹೊಸದಲ್ಲ. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ. ಹಗುರ ಇದೆ ಎಂದು ಅದನ್ನು ಆಂಟೆನಾ ಏರಿಸಲು ತರಬೇಡಿ.

ಆ ದಿನಗಳಲ್ಲಿ ಮೇಷ್ಟ್ರು ಅಂಡಮಾನಿನ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ನಲ್ಲೇ ಇತ್ತು. ದೂರದೇಶದವರೊಡನೆ ಮಾತಾಡಲೆಂದು ಹೋದವರು, ಫೋನು ಸತ್ತ ದ್ವೀಪಗಳಿಂದ ಜನರ ಕ್ಷೇಮಸಮಾಚಾರ ಕಳಿಸುವವರಾದರು. ಚೀಲದಲ್ಲಿ ಸುತ್ತಿಟ್ಟ ಒಂದು ಡೈಪೋಲ್, ಕಾರಿನ ಬ್ಯಾಟರಿ, ಒಂದು ಸೆಟ್ಟು. ಇಷ್ಟನ್ನು ಕತ್ತಲಲ್ಲೂ ಜೋಡಿಸಲು ಬರಬೇಕು ಎಂದು ನಮ್ಮಿಂದ ಕತ್ತಲಲ್ಲೇ ಅಭ್ಯಾಸ ಮಾಡಿಸಿದರು.

ಈಗ ನಾನು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಒಂದರಲ್ಲಿದ್ದೇನೆ. 20 ಮೀಟರ್ ವೈರಿಗೆ ಜಾಗ ಎಲ್ಲಿ? ಹಳೆಯ ಟಿವಿಗಳಿಗೆ ಬರುತ್ತಿದ್ದ 300 ಓಮ್‌ನ ಚಪ್ಪಟೆ ವೈರಿನಲ್ಲಿ 2 ಮೀಟರ್ ಬ್ಯಾಂಡಿಗೆ ಸ್ಲಿಮ್ ಜಿಮ್ ಎನ್ನುವ ಆಂಟೆನಾ ಮಾಡಿಕೊಂಡಿದ್ದೇನೆ. ಒಂದೂವರೆ ಮೀಟರ್ ಉದ್ದ, ಸುತ್ತಿದರೆ ಜೇಬಿನಲ್ಲಿ ಹಿಡಿಯುತ್ತದೆ. ಬಾಲ್ಕನಿಯಲ್ಲಿ ನೇತುಹಾಕಿದರೆ ಸಾಕು, ನಗರದ ರಿಪೀಟರ್ (ಮಾತನ್ನು ಹಿಡಿದು ದೂರಕ್ಕೆ ದಾಟಿಸುವ ಕೇಂದ್ರ) ಸಿಗುತ್ತದೆ. ಆದರೆ ರಜೆಗೆ ಊರಿಗೆ ಹೋದಾಗ ಮಾತ್ರ ಡೈಪೋಲೇ. ಮೇಷ್ಟ್ರು ನಿವೃತ್ತರಾಗಿದ್ದಾರೆ. ಬೆಳಗಿನ ಹೊತ್ತು 40 ಮೀಟರಿನಲ್ಲಿ ಈಗಲೂ ಸಿಗುತ್ತಾರೆ, ಮೊದಲು ಎಸ್‌ಡಬ್ಲ್ಯೂಆರ್ ಎಷ್ಟು ಎಂದೇ ಕೇಳುತ್ತಾರೆ.

ಈಗ ಕಾಲೇಜಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಮೈಕ್ ಹಿಡಿದು ಮಾತಾಡಲು ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದ ಯಾರಾದರೂ ಬರೆಯಬಹುದು. ಅದಕ್ಕೆ ಓದುತ್ತಿರುವಾಗಲೇ ಆಂಟೆನಾ ಕಟ್ಟುವುದನ್ನು ಕಲಿಯಬಹುದು. ಹತ್ತು ಮಂದಿ ಸೇರಿದರೆ ವೈರು, ಕೇಬಲ್, ಮೀಟರ್ ನಾನು ತರುತ್ತೇನೆ. ಫೆಬ್ರವರಿ ಕೊನೆಗೆ ಇಟ್ಟುಕೊಳ್ಳೋಣ. ಅಷ್ಟು ಹೊತ್ತಿಗೆ ಕೊನೆ ಕೊಯ್ಲು ಮುಗಿದು ಕೊನೆಗೌಡರಿಗೆ ಬಿಡುವಾಗಿರುತ್ತದೆ, ಗುಡುಗಿನ ಮಳೆಯೂ ಇನ್ನೂ ಶುರುವಾಗಿರುವುದಿಲ್ಲ.