ಬಣ್ಣಕ್ಕಿಂತ ಮೊದಲು ಜಿಡ್ಡು

ಮೈಸೂರಿನ ನಮ್ಮ ಮನೆಯಲ್ಲಿ 1998ರಲ್ಲಿ ಮಾಡಿಸಿದ ಅಡುಗೆಮನೆಯ ಪ್ಲೈವುಡ್ ಕಪಾಟುಗಳಿಗೆ ನಾನೇ ಕೈಯಾರೆ ಬಣ್ಣ ಬಳಿದದ್ದು ಎರಡು ಸಲ. ಮೊದಲ ಸಲ ಹಳೆಯ ಬಣ್ಣದ ಮೇಲೆ ಒದ್ದೆಬಟ್ಟೆ ಆಡಿಸಿ, ಒಣಗಿತೆನ್ನಿಸಿದೊಡನೆ ಬಿಳಿ ಎನಾಮೆಲ್ ಹಚ್ಚಿದ್ದೆ. ಮೂರು ತಿಂಗಳೊಳಗೆ ಒಲೆಯ ಮೇಲಿನ ಬಾಗಿಲುಗಳಿಗೆ ಉಗುರು ತಾಗಿದರೆ ಸಾಕು, ಬಣ್ಣವು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ದಿನಕ್ಕೆರಡು ಬಾರಿ ಹಾಕುವ ಒಗ್ಗರಣೆಯ ಹೊಗೆಯು ವರ್ಷಗಟ್ಟಲೆ ಅಲ್ಲಿ ಹೋಗಿ ಕುಳಿತು, ಕಣ್ಣಿಗೆ ಕಾಣದ ಜಿಡ್ಡಿನ ಪದರವಾಗಿ ಗಟ್ಟಿಯಾಗಿರುತ್ತದೆ. ಅದರ ಮೇಲೆ ಎಂಥ ಬಣ್ಣವೂ ಹಿಡಿದು ನಿಲ್ಲುವುದಿಲ್ಲ.

ಕಳೆದ ಫೆಬ್ರವರಿಯಲ್ಲಿ ಮತ್ತೆ ಕೈಹಾಕಿದಾಗ, 14 ಬಾಗಿಲುಗಳನ್ನೂ ಬಿಚ್ಚಿ ಹಿತ್ತಿಲಿಗೆ ಸಾಗಿಸಿ, ಎರಡು ದಿನಗಳನ್ನು ತೊಳೆಯುವುದಕ್ಕೇ ಮೀಸಲಿಟ್ಟೆ. ಅಮ್ಮನ ಸಲಹೆ ಸೀಗೇಪುಡಿ. "ತಲೆಯ ಎಣ್ಣೆ ಬಿಡಿಸುವುದು ಕಪಾಟಿನ ಎಣ್ಣೆ ಬಿಡಿಸದೇನೋ?" ಎಂದರು. ಒಂದು ಬಾಗಿಲಿಗೆ ಹಚ್ಚಿ ನೋಡಿದೆ. ಜಿಡ್ಡು ಹೋಯಿತು ನಿಜ, ಆದರೆ ಮೂಲೆಗಳಲ್ಲಿ ಸಿಕ್ಕಿಕೊಂಡ ಪುಡಿಯನ್ನು ತೆಗೆಯಲು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಅರ್ಧ ಗಂಟೆ ಕೂರಬೇಕಾಯಿತು. ಉಳಿದವುಗಳಿಗೆ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾವನ್ನೇ ಬಳಸಿ, ಸೋಡಾದ ಅಂಶವೂ ಉಳಿಯದಂತೆ ಎರಡು ಬಾರಿ ಶುದ್ಧ ನೀರಿನಲ್ಲಿ ಒರೆಸಿದೆ. ಉಪ್ಪುಕಾಗದದ ಕೆಲಸ ಇದಾದ ಮೇಲೆಯೇ. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಇನ್ನಷ್ಟು ತುಂಬಿಕೊಳ್ಳುತ್ತದೆ.

ಉಜ್ಜುವಾಗ ಇನ್ನೊಂದು ಎಚ್ಚರಿಕೆ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವು ದಶಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಏನಿದೆಯೋ ಹೇಳಲಾಗದು. ಆದುದರಿಂದ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಮಕ್ಕಳನ್ನು ದೂರವಿಟ್ಟು, ಧೂಳು ಏಳದಂತೆ ನೀರು ಹಚ್ಚಿ, ಮೊದಲು ಒರಟಾದ 120ರ, ಅನಂತರ ನಯವಾದ 220ರ ವಾಟರ್‌ಪ್ರೂಫ್ ಉಪ್ಪುಕಾಗದದಿಂದ ಹಳೆಯ ಹೊಳಪು ಮಾಯುವವರೆಗೆ ಉಜ್ಜಿದೆ.

ಪ್ರೈಮರ್ ಒಂದು ಕೋಟು, ಬಣ್ಣ ಎರಡು ತೆಳು ಕೋಟು. ಈ ಭಾಗದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಈ ಬಾರಿ ನೀರಿನಲ್ಲಿ ಕಲಸುವ ಎನಾಮೆಲ್ಲನ್ನು ಆರಿಸಿಕೊಂಡೆ. ಎಣ್ಣೆ ಆಧಾರದ ಬಿಳಿ ಎನಾಮೆಲ್ ಬೆಳಕಿಲ್ಲದೆಡೆ ಬೇಗ ಹಳದಿಯಾಗುತ್ತದೆ. ಸದಾ ಮುಚ್ಚಿಯೇ ಇರುತ್ತಿದ್ದ ಬಾಗಿಲುಗಳ ಒಳಮೈ ಹೊರಮೈಗಿಂತ ಹೆಚ್ಚು ಮಾಸಿದ್ದನ್ನು ಕಂಡು ಬೆರಗಾಗಿದ್ದ ನನಗೆ ಕಾರಣ ತಿಳಿದದ್ದು ತಡವಾಗಿ. ಮುಟ್ಟಿದರೆ ಒಣಗಿದಂತೆ ಕಂಡರೂ ಬಣ್ಣವು ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕಾಗುವುದರಿಂದ, ನಾಲ್ಕು ದಿನ ಬಿಟ್ಟೇ ಬಾಗಿಲುಗಳನ್ನು ಮರಳಿ ಕೂರಿಸಿದೆ.

ಕೂರಿಸುವಾಗಲೇ ಪೇಚಾಟ. ಬಿಚ್ಚುವಾಗ ಪ್ರತಿ ಬಾಗಿಲಿನಲ್ಲಿ ಹಿಂಜು ಕೂರುವ ಗುಳಿಯೊಳಗೆ ಸಂಖ್ಯೆ ಬರೆದು, ಮೇಲೆ ಟೇಪು ಅಂಟಿಸಿ ಜಾಣತನ ಮೆರೆದಿದ್ದೆ. ಆದರೆ 6 ಮತ್ತು 9ರ ಕೆಳಗೆ ಗೆರೆ ಎಳೆಯುವುದನ್ನು ಮರೆತಿದ್ದೆ. ಒಂದು ಇಡೀ ಸಂಜೆ ಅವೆರಡನ್ನು ಅತ್ತಿತ್ತ ತಿರುಗಿಸುವುದರಲ್ಲೇ ಕಳೆಯಿತು.